ಹಿಂಡು, ತುರು, ಐನೂರ್ವರು

ಮೊನ್ನೆ ಗುಂಜಹಳ್ಳಿ ದಾರಿಯಲ್ಲಿ ಬಸ್ಸಿಗೆ ಕುರಿ ಅಡ್ಡ ಬಂದವು. "ತಡೀಪಾ, ಹಿಂಡು ದಾಟ್ಲಿ" ಅಂದರು ಮುಂದಿನ ಸೀಟಿನ ಅಜ್ಜ. ನನ್ನ ಪಕ್ಕದ ಹುಡುಗಿ ಇಂಗ್ಲಿಷ್ ಗ್ರಾಮರ್ ಬಾಯಿಪಾಠ ಮಾಡುತ್ತಿದ್ದಳು: ಸಿಂಹದ ಗುಂಪಿಗೊಂದು ಹೆಸರು, ಮೀನಿನ ಗುಂಪಿಗಿನ್ನೊಂದು.

ಆ ಇಂಗ್ಲಿಷ್ ಹೆಸರುಗಳಲ್ಲಿ ಬಹಳಷ್ಟು 1486ರಲ್ಲಿ ಅಚ್ಚಾದ 'ಬುಕ್ ಆಫ್ ಸೇಂಟ್ ಆಲ್ಬನ್ಸ್' ಎಂಬ ಬೇಟೆಯ ಪುಸ್ತಕದಲ್ಲಿವೆ. ಬೇಟೆಗೆ ಹೋಗುವ ದೊಡ್ಡವರ ಶೋಕಿ ಅದು. ಸನ್ಯಾಸಿನಿಯರ ಗುಂಪಿಗೆ 'ಅತಿಯಾಯ್ತು' ಅನ್ನೋ ಅರ್ಥದ ಹೆಸರಿಟ್ಟು ನಕ್ಕಿದ್ದಾರೆ!

ನಮ್ಮ ಪದಗಳು ಹುಟ್ಟಿದ್ದು ಹೀಗಲ್ಲ. 'ತುರು' ಅಂದರೆ ಹಸು, ದನದ ಹಿಂಡು. ಅದನ್ನು ಹೊಡೆದುಕೊಂಡು ಹೋಗುವುದು 'ತುರುಗೋಳ್'. ನಾಡಿನ ತುಂಬ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲು ತುರುಗೋಳಿನವು. ತುರುವನ್ನು ಮರಳಿಸಿ ತಾನು ಸತ್ತ, ಇಷ್ಟೇ ಕಥೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಹನ್ನೆರಡನೇ ಶತಮಾನದ ವಚನಕಾರ ತುರುಗಾಹಿ ರಾಮಣ್ಣನ ಹೆಸರಲ್ಲೂ ಈ ಪದ ಉಳಿದಿದೆ. ಜನ ಪ್ರಾಣ ಕೊಟ್ಟ ಪದ, ಇವತ್ತು ಮಾತಿನಲ್ಲಿ ಇಲ್ಲವೇ ಇಲ್ಲ ಅನ್ನಬೇಕು.

ಮನುಷ್ಯರ ಗುಂಪಿನ ಸಂಗತಿ ಇನ್ನೂ ಮಜಾ. ಅಲ್ಲಿ ಲೆಕ್ಕವೇ ಹೆಸರು. ಅಗ್ರಹಾರದ ಮಹಾಜನರು 'ಸಾಸಿರ್ವರು'. ಐಹೊಳೆಯ ವರ್ತಕ ಸಂಘ 'ಅಯ್ಯಾವೊಳೆ ಐನೂರ್ವರು'. ಆ ಸಂಘ ಐನೂರು ಮಂದಿಯನ್ನು ಮೀರಿ ಎಷ್ಟು ಬೆಳೆದರೂ ಹೆಸರು ಐನೂರೇ. ಸುಮಾತ್ರಾದ ಲೋಬು ತುವಾದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರಿದ್ದಾರೆ. ನಮ್ಮ ಬಾಗಲಕೋಟೆ ಕಡೆಯ ಊರಿನ ಒಂದು ಸಂಖ್ಯೆ ಸಮುದ್ರ ದಾಟಿದ್ದು ನೋಡಿ!

ನಾಡುಗಳಿಗೂ ಅದೇ ಪದ್ಧತಿ. ಬನವಾಸಿ 12000. ಕೃಷ್ಣೆ-ತುಂಗಭದ್ರೆ ನಡುವಿನ ನಮ್ಮ ಈ ರಾಯಚೂರು ಸೀಮೆ ಎಡೆದೊರೆ 2000. ಅದು ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಅಂತ ವಿದ್ವಾಂಸರ ಜಗಳ ಇದೆ, ಇರಲಿ.

ಇದೇ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯನ ದಂಡು ಬಂತು. ಪೋರ್ಚುಗೀಸ್ ನೂನಿಜ್ ಬರೆದಿಟ್ಟ ಲೆಕ್ಕದಲ್ಲಿ ಕಾಲಾಳೇ ಏಳು ಲಕ್ಷದ ಮೇಲೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ದಂಡು ಮೇಯಿಸಿಕೊಂಡು ಹೋದ ಹೊಲದವರ ಲೆಕ್ಕ ಯಾರು ಬರೆದರೋ...

ನಮ್ಮ ಕಡೆ ಜನಕ್ಕೆ 'ಮಂದಿ' ಅಂತೀವಿ, ಕುರಿ-ದನಕ್ಕೆ 'ಮಂದೆ'. ನಡುವೆ ಒಂದೇ ಸ್ವರದ ಅಂತರ. ಆ ಹುಡುಗಿಗೆ ಇದನ್ನು ಹೇಳೋಣ ಅನ್ನುವಷ್ಟರಲ್ಲಿ ಅವಳ ಸ್ಟಾಪು ಬಂತು. ನಿಮ್ಮೂರ ಕಡೆ ಇರುವೆ ಸಾಲಿಗೆ, ಗಿಳಿ ಹಿಂಡಿಗೆ ಬೇರೆ ಏನಾದರೂ ಅಂತಾರಾ? ಇದ್ದರೆ ತಿಳಿಸಿ.