ಕೌನಾಸ್‌ನ ಒಂದು ಕಚೇರಿ

ರಾಯಭಾರ ಎಂದೊಡನೆ ನಮ್ಮ ಮನಸ್ಸು ಪುರಾಣದ ಕಡೆಗೆ ಹರಿಯುತ್ತದೆ. ಹನುಮಂತ ಲಂಕೆಗೆ ಹೋದದ್ದು, ಶ್ರೀಕೃಷ್ಣ ಕೌರವರ ಸಭೆಯಲ್ಲಿ ಸಂಧಿಯ ಮಾತನ್ನಾಡಿದ್ದು ನೆನಪಾಗುತ್ತವೆ. ಆದರೆ ಈ ಕಾಲದ ರಾಯಭಾರದ ಬಹುಪಾಲು ನಡೆಯುವುದು ಸಭೆಯಲ್ಲಲ್ಲ, ಮೇಜಿನ ಮೇಲೆ. ಅರ್ಜಿ, ವಹಿ, ಶುಲ್ಕ, ಸಹಿ, ಮೊಹರು ಇವೇ ಅದರ ನಿತ್ಯಕರ್ಮ. ನಾನು ಮೂವತ್ತು ವರ್ಷ ಒಂದು ಸರಕಾರಿ ಕಚೇರಿಯಲ್ಲಿ ಇಂಥವೇ ಕಾಗದಗಳ ನಡುವೆ ಕಳೆದವನು. ಅದರಿಂದಲೋ ಏನೋ, ಯುದ್ಧಗಳ ಚರಿತ್ರೆಯನ್ನು ಓದುವಾಗ ಸೇನಾಪತಿಗಳಿಗಿಂತ ಗುಮಾಸ್ತರ ಮೇಲೆಯೇ ನನ್ನ ಕಣ್ಣು ಹೋಗುತ್ತದೆ. ಇಂದು ನಾನು ಹೇಳಹೊರಟಿರುವುದು ಅಂಥದೊಂದು ಕಚೇರಿಯ ಕಥೆ. 1940ರ ಬೇಸಗೆಯಲ್ಲಿ ಲಿಥುವೇನಿಯ ದೇಶದ ಕೌನಾಸ್ ನಗರದಲ್ಲಿದ್ದ ಜಪಾನಿನ ದೂತಕಚೇರಿಯ ಕಥೆ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ನೆರೆಯ ಪೋಲೆಂಡಿನ ಮೇಲೆ ಬಿದ್ದಿತು. ಹದಿನಾರು ದಿನ ಕಳೆಯುವಷ್ಟರಲ್ಲಿ ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ಇಬ್ಬರ ನಡುವೆ ಸಿಕ್ಕಿದ ದೇಶದಿಂದ ಸಾವಿರಾರು ಮಂದಿ, ಅವರಲ್ಲಿ ಅನೇಕರು ಯಹೂದ್ಯರು, ಗಡಿ ದಾಟಿ ಲಿಥುವೇನಿಯಕ್ಕೆ ಬಂದರು. ಕೌನಾಸ್ ಆಗ ಆ ದೇಶದ ತಾತ್ಕಾಲಿಕ ರಾಜಧಾನಿ. ಜಪಾನ್ ಅಲ್ಲಿ ಕಚೇರಿ ತೆರೆದದ್ದೂ ಅದೇ ವರ್ಷ. ಅದರ ಮುಖ್ಯಸ್ಥ ಚಿಯುನೆ ಸುಗಿಹಾರ ರಷ್ಯನ್ ಭಾಷೆಯಲ್ಲಿ ನುರಿತವರು, ಮಂಚೂರಿಯದಲ್ಲಿ ಕೆಲಸ ಮಾಡಿದ್ದವರು. ಆ ಊರಿನಲ್ಲಿ ಜಪಾನೀಯರು ಇದ್ದರೆನ್ನುವುದೇ ಕಷ್ಟ. ಜರ್ಮನ್ ಮತ್ತು ರಷ್ಯನ್ ಸೇನೆಗಳ ಚಲನವಲನವನ್ನು ಗಮನಿಸುವುದೇ ಅವರ ನಿಜವಾದ ಕೆಲಸವಾಗಿತ್ತು. ಮೊದಲ ಕೆಲವು ತಿಂಗಳು ಆ ಮನೆಯ ಬಾಗಿಲಿಗೆ ಹೆಚ್ಚು ಜನ ಬರಲೂ ಇಲ್ಲ.

1940ರ ಜೂನ್ 15ರಂದು ಸೋವಿಯತ್ ಸೇನೆ ಲಿಥುವೇನಿಯವನ್ನೇ ಆಕ್ರಮಿಸಿತು. ವಿದೇಶೀ ಕಚೇರಿಗಳೆಲ್ಲ ಆಗಸ್ಟ್ ತಿಂಗಳೊಳಗೆ ಮುಚ್ಚಬೇಕೆಂದು ಆಜ್ಞೆಯಾಯಿತು. ಪಶ್ಚಿಮದ ದಾರಿ ಜರ್ಮನರ ಕೈಯಲ್ಲಿತ್ತು. ಉಳಿದದ್ದು ಒಂದೇ ದಾರಿ: ಮಾಸ್ಕೋ, ಸೈಬೀರಿಯದ ರೈಲು, ವ್ಲಾಡಿವೊಸ್ಟಾಕ್, ಅಲ್ಲಿಂದ ಹಡಗಿನಲ್ಲಿ ಜಪಾನಿನ ತ್ಸುರುಗ ಬಂದರು. ಆ ದಾರಿಗೆ ಜಪಾನಿನ ಮೂಲಕ ಹಾದುಹೋಗುವ ವೀಸಾ ಬೇಕು. ಟೋಕಿಯೋದ ನಿಯಮವೂ ಸ್ಪಷ್ಟವಾಗಿತ್ತು. ಅರ್ಜಿದಾರನ ಬಳಿ ಮುಂದಿನ ದೇಶದ ಅನುಮತಿ ಇರಬೇಕು, ಸಾಕಷ್ಟು ಹಣವಿರಬೇಕು. ಎಲ್ಲವನ್ನೂ ಬಿಟ್ಟು ಓಡಿಬಂದವರಲ್ಲಿ ಈ ಎರಡೂ ಇರುವುದೆಂತು?

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಯಾನ್ ಜ್ವಾರ್ಟೆಂಡೈಕ್ ಎಂಬವರು ಫಿಲಿಪ್ಸ್ ಕಂಪನಿಯ ಪ್ರತಿನಿಧಿಯಾಗಿ ಕೌನಾಸ್‌ನಲ್ಲಿದ್ದವರು; ಆ ಬೇಸಗೆಯಲ್ಲಷ್ಟೇ ಹಾಲೆಂಡಿನ ಹಂಗಾಮಿ ಕಾನ್ಸುಲ್ ಆದವರು. ಕೆರೀಬಿಯನ್ ಸಮುದ್ರದಲ್ಲಿ ಕ್ಯುರಸಾವೊ ಎಂಬ ಡಚ್ ದ್ವೀಪವಿದೆ. ಅಲ್ಲಿಗೆ ಹೋಗಲು ಆಗ ವೀಸಾ ಬೇಕಿರಲಿಲ್ಲ, ಆದರೆ ಇಳಿಯಗೊಡುವುದು ಬಿಡುವುದು ಗವರ್ನರರ ಇಚ್ಛೆಯಾಗಿತ್ತು. ರೀಗಾದಲ್ಲಿದ್ದ ಡಚ್ ರಾಯಭಾರಿ ಡಿ ಡೆಕ್ಕರ್ ತೋರಿದ ದಾರಿಯಂತೆ ಜ್ವಾರ್ಟೆಂಡೈಕ್ ನಿರಾಶ್ರಿತರ ಕಾಗದಗಳಲ್ಲಿ ಮೊದಲರ್ಧವನ್ನು ಮಾತ್ರ ಬರೆದರು; ಎರಡನೆಯ ಅರ್ಧವನ್ನು ಕೈಬಿಟ್ಟರು. ಜುಲೈ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ, ಹತ್ತು ದಿನಗಳ ಸುಮಾರಿನಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಕಾಗದಗಳಿಗೆ ಹೀಗೆ ಬರೆದುಕೊಟ್ಟರು. ಸುಳ್ಳೊಂದನ್ನೂ ಸೇರಿಸಲಿಲ್ಲ, ನಿಜದ ಒಂದು ತುಂಡನ್ನು ಬಿಟ್ಟರು, ಅಷ್ಟೆ.

ಈ ಕಾಗದ ಹಿಡಿದ ಜನ ಸುಗಿಹಾರರ ಗೇಟಿನ ಮುಂದೆ ನಿಂತರು. ಮೇಲಿನ ಅಂತಸ್ತಿನಲ್ಲಿ ಹೆಂಡತಿ ಯುಕಿಕೊ, ಪುಟ್ಟ ಮಕ್ಕಳು; ಕೆಳಗೆ ಕಚೇರಿ; ಹೊರಗೆ ರಾತ್ರಿಯಿಡೀ ಕಾದ ಮುಖಗಳು. ಅಂದಿನಿಂದ ಆ ಕಚೇರಿಯ ದಿನಚರಿಯೇ ಬದಲಾಯಿತು. ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರನ್ನೇ ಕರೆಯುವುದು, ಕಾಗದ ನೋಡುವುದು, ಹೆಸರು ಕೇಳುವುದು, ಜಪಾನೀ ಲಿಪಿಯ ಸಾಲುಗಳನ್ನು ಕೈಯಿಂದಲೇ ಬರೆಯುವುದು, ಸಹಿ, ಮೊಹರು, ವಹಿಯಲ್ಲಿ ನಮೂದು. ರಾತ್ರಿ ಮರಗಟ್ಟಿದ ಅವರ ತೋಳನ್ನು ತಾವು ನೀವುತ್ತಿದ್ದುದನ್ನು ಯುಕಿಕೊ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಆಗಸ್ಟ್‌ನಲ್ಲಿ ಟೋಕಿಯೋದಿಂದ ತಂತಿ ಬಂತು: ಷರತ್ತು ಪೂರೈಸದವರಿಗೆ ವೀಸಾ ಕೊಡಕೂಡದು. ಬರವಣಿಗೆ ನಿಲ್ಲಲಿಲ್ಲ. ಕಚೇರಿ ಮುಚ್ಚಿದ ಮೇಲೆ ಹೋಟೆಲಿನಲ್ಲಿ, ಕೊನೆಗೆ ಸೆಪ್ಟೆಂಬರ್ ಆರಂಭದಲ್ಲಿ ರೈಲು ನಿಲ್ದಾಣದಲ್ಲಿಯೂ ಬರೆದರು.

ನನ್ನನ್ನು ಬೆರಗುಗೊಳಿಸುವುದು ಆ ವಹಿ. ವೀಸಾಗಳ ಪಟ್ಟಿಯನ್ನು ಸುಗಿಹಾರ ಬಚ್ಚಿಡಲಿಲ್ಲ; 1941ರ ಫೆಬ್ರವರಿಯಲ್ಲಿ ಪ್ರಾಗ್ ನಗರದಿಂದ ತಮ್ಮ ಮೇಲಧಿಕಾರಿಗಳಿಗೇ ಕಳುಹಿಸಿದರು. ಕ್ರಮಸಂಖ್ಯೆ, ರಾಷ್ಟ್ರೀಯತೆ, ಹೆಸರು, ವೀಸಾದ ಬಗೆ, ದಿನಾಂಕ, ಶುಲ್ಕ, ಷರಾ ಎಂದು ಕಾಲಮ್ಮುಗಳು. 2,100ಕ್ಕೂ ಹೆಚ್ಚು ನಮೂದುಗಳು. ಒಂದೊಂದರ ಹಿಂದೆ ಎಷ್ಟೋ ವೇಳೆ ಹೆಂಡತಿ ಮಕ್ಕಳು. ಆಜ್ಞೆ ಮೀರಿದವರೂ ಶುಲ್ಕದ ಲೆಕ್ಕ ತಪ್ಪಿಸಲಿಲ್ಲ! ಆ ಕಾಗದಗಳಿಗೆ ಬೆಲೆ ಇದ್ದದ್ದೇ ಅವು ಒಂದು ಕಚೇರಿಯ ಕಾಗದಗಳಾಗಿದ್ದುದರಿಂದ. ಕರುಣೆಯೊಂದೇ ಯಾರನ್ನೂ ಗಡಿ ದಾಟಿಸುತ್ತಿರಲಿಲ್ಲ; ಮೊಹರು ಬಿದ್ದ ಕರುಣೆ ದಾಟಿಸಿತು.

1941ರ ಜೂನ್‌ನಲ್ಲಿ ಜರ್ಮನ್ ಸೇನೆ ಲಿಥುವೇನಿಯಕ್ಕೆ ಬಂತು. ಅಲ್ಲಿ ಉಳಿದ ಯಹೂದ್ಯರಲ್ಲಿ ಬಹುತೇಕ ಎಲ್ಲರೂ ಹತರಾದರು. ದಾಟಿದವರು ಕೋಬೆ, ಶಾಂಘಾಯ್‌ಗಳ ಮೂಲಕ ಲೋಕದ ನಾನಾ ಕಡೆ ಚದುರಿ ಬದುಕಿದರು. ಕ್ಯುರಸಾವೊದ ಹೆಸರಿನಲ್ಲಿ ಹೊರಟವರಿಗೆ ಕ್ಯುರಸಾವೊ ಬೇಕಾಗಲೇ ಇಲ್ಲ. ಸುಗಿಹಾರ ಇತ್ತ 1940ರ ಸೆಪ್ಟೆಂಬರ್‌ನಲ್ಲಿ ಕೌನಾಸ್ ಬಿಟ್ಟರು. ಅದೇ ತಿಂಗಳ 27ರಂದು ಅವರ ಸರಕಾರ ಜರ್ಮನಿ, ಇಟಲಿಗಳೊಡನೆ ಒಪ್ಪಂದಕ್ಕೆ ಸಹಿ ಹಾಕಿತು. 1947ರಲ್ಲಿ ಅವರು ನೌಕರಿ ಬಿಡಬೇಕಾಯಿತು. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಅವರನ್ನು ಗೌರವಿಸಿದ್ದು 1984ರಲ್ಲಿ; ಎರಡು ವರ್ಷಗಳ ತರುವಾಯ ತೀರಿಕೊಂಡರು. 1976ರಲ್ಲೇ ತೀರಿಕೊಂಡಿದ್ದ ಜ್ವಾರ್ಟೆಂಡೈಕ್‌ರಿಗೆ ಆ ಗೌರವ ಸಂದದ್ದು 1997ರಲ್ಲಿ.

ಒಮ್ಮೆ ನನ್ನ ಮೇಜಿನ ಬಳಿಗೂ ಒಬ್ಬ ಮುದುಕಿ ಪಿಂಚಣಿಯ ಅರ್ಜಿ ಹಿಡಿದು ಬಂದಿದ್ದಳು. ಒಂದು ಕಾಲಂ ಖಾಲಿ ಇತ್ತು. ನಿಯಮ ನನ್ನ ಕಡೆಗಿತ್ತು, ಹಿಂದಿರುಗಿಸಿದೆ. ನಾನೇ ಕೇಳಿ ಆ ಕಾಲಂ ತುಂಬಬಹುದಾಗಿತ್ತು. ಅದಕ್ಕೆ ಯಾವ ಆಜ್ಞೆಯನ್ನೂ ಮೀರಬೇಕಾಗಿರಲಿಲ್ಲ, ನೌಕರಿಗೂ ಅಪಾಯವಿರಲಿಲ್ಲ. ಆಕೆ ಮತ್ತೆ ಬರಲಿಲ್ಲ. ಕೌನಾಸ್‌ನ ಆ ಪಟ್ಟಿಯನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಅದರ ಎರಡು ಸಾವಿರ ಹೆಸರುಗಳಲ್ಲ. ನನ್ನ ವಹಿಯಲ್ಲಿ ನಾನು ಬರೆದುಕೊಳ್ಳದೆ ಬಿಟ್ಟ ಆ ಒಂದು ಹೆಸರು.