ದಾಳಿಂಬೆ ಅಂಗಮಾರಿಯ ರೋಗಾಣುವಿಗೆ ನಾಲ್ಕು ಹೆಸರು

ಶಿರಾ, ಪಾವಗಡ ಕಡೆ ದಾಳಿಂಬೆ ಬೆಳೆದವರಿಗೆ ಅಂಗಮಾರಿ ಹೊಸದಲ್ಲ. ಎಲೆ ಮೇಲೆ ನೀರಿನಲ್ಲಿ ನೆನೆದಂಥ ಚುಕ್ಕೆ, ಕಾಯಿ ಮೇಲೆ ಕಪ್ಪು ಕಲೆ, ಆಮೇಲೆ ಕಾಯಿ ಸೀಳುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ತೆಂಗು, ಅಡಿಕೆ ತೋಟದವರಿಗೂ ಈ ಇತಿಹಾಸ ಬೇಕು. ಔಷಧಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಎಲ್ಲ ಬೆಳೆಗೂ ಒಂದೇ: ಇದು ಶಿಲೀಂಧ್ರವೋ, ದುಂಡಾಣುವೋ?

ದಾಳಿಂಬೆಯ ಈ ರೋಗ ದುಂಡಾಣುವಿನದು ಎಂದು 1952ರಲ್ಲಿ ವರದಿ ಮಾಡಿದವರು ಹಿಂಗೋರಾನಿ ಮತ್ತು ಮೆಹ್ತಾ. ರೋಗಾಣುವನ್ನು ಗುರುತಿಸುವ ಪದ್ಧತಿ ಸರಳ, ಆದರೆ ತಾಳ್ಮೆ ಬೇಕು. ಚುಕ್ಕೆಯಿಂದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಬೇಕು. ಅದನ್ನು ಆರೋಗ್ಯವಂತ ಗಿಡಕ್ಕೆ ಹಾಕಿದರೆ ಅದೇ ರೋಗ ಬರಬೇಕು. ಆ ಗಿಡದಿಂದ ಮತ್ತೆ ಅದೇ ರೋಗಾಣು ಸಿಗಬೇಕು.

1959ರಲ್ಲಿ ಹಿಂಗೋರಾನಿ ಮತ್ತು ಸಿಂಗ್ ಇದನ್ನು ಹೊಸ ಪ್ರಭೇದವೆಂದು ಸಾರಿ ‘ಕ್ಸಾಂಥೋಮೊನಾಸ್ ಪ್ಯುನಿಕೆ’ ಎಂದು ಹೆಸರಿಟ್ಟರು. ಮೊದಲ ಪದ ಕುಲದ ಹೆಸರು. ಲ್ಯಾಬಿನ ತಟ್ಟೆಯಲ್ಲಿ ಈ ಕುಲದ ದುಂಡಾಣುಗಳು ಹಳದಿಯಾಗಿ ಬೆಳೆಯುತ್ತವೆ, ಗ್ರೀಕ್ ಭಾಷೆಯಲ್ಲಿ ‘ಕ್ಸಾಂಥೋಸ್’ ಎಂದರೆ ಹಳದಿ. ಎರಡನೆಯದು ದಾಳಿಂಬೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು.

ಆಗ ಒಂದೊಂದು ಬೆಳೆಯ ರೋಗಾಣುವಿಗೂ ಒಂದೊಂದು ಪ್ರಭೇದದ ಹೆಸರು ಕೊಡುವ ರೂಢಿಯಿತ್ತು. ಹೆಸರುಗಳು ಲೆಕ್ಕವಿಲ್ಲದಷ್ಟಾದವು. 1980ರಲ್ಲಿ ಜಗತ್ತಿನ ವಿಜ್ಞಾನಿಗಳು ಮಾನ್ಯ ಹೆಸರುಗಳ ಪಟ್ಟಿ ಮಾಡಿದಾಗ ಈ ಕುಲದಲ್ಲಿ ಐದೇ ಪ್ರಭೇದ ಉಳಿದವು. ಅದಕ್ಕೆ ಮುಂಚೆಯೇ, 1978ರಲ್ಲಿ, ನ್ಯೂಜಿಲೆಂಡಿನ ಡೈ ನಮ್ಮ ದಾಳಿಂಬೆ ರೋಗಾಣುವನ್ನು ಎಲೆಕೋಸಿನ ರೋಗಾಣುವಾದ ‘ಕ್ಯಾಂಪೆಸ್ಟ್ರಿಸ್’ ಪ್ರಭೇದದ ಒಳಗೆ ಒಂದು ಗುಂಪಾಗಿ ಸೇರಿಸಿದ್ದರು. ಯಾವ ಬೆಳೆಗೆ ರೋಗ ತರುತ್ತದೆ ಎಂಬುದರ ಮೇಲೆ ಮಾಡುವ ಇಂಥ ಗುಂಪಿಗೆ ‘ಪ್ಯಾಥೋವಾರ್’ ಎನ್ನುತ್ತಾರೆ.

1995ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ ಈ ಕುಲವನ್ನು ಹೊಸದಾಗಿ ವಿಂಗಡಿಸಿದರು. ಆಗ ಇದು ‘ಆಕ್ಸೊನೊಪೋಡಿಸ್’ ಆಯಿತು. ಈಚೆಗೆ ‘ಸಿಟ್ರಿ’ ಎನ್ನುತ್ತಾರೆ. ಅಂದರೆ ನಿಂಬೆಗೆ ಕಜ್ಜಿ ರೋಗ ತರುವ ರೋಗಾಣುವಿನ ಹತ್ತಿರದ ನೆಂಟ!

ಇಷ್ಟು ಬದಲಾದರೂ ‘ಪ್ಯುನಿಕೆ’ ಎಂಬ ಕೊನೆಯ ಪದ ಉಳಿದಿದೆ. ಪುಸ್ತಕದಲ್ಲೋ ಮೊಬೈಲಲ್ಲೋ ಬೇರೆ ಬೇರೆ ಹೆಸರು ಕಂಡರೆ ಆ ಪದ ನೋಡಿ, ರೋಗ ಒಂದೇ.

2000ದ ನಂತರ ಉತ್ತರ ಕರ್ನಾಟಕದ ದಾಳಿಂಬೆ ತೋಟಗಳಿಗೆ ಈ ರೋಗ ದೊಡ್ಡ ಪೆಟ್ಟು ಕೊಟ್ಟಿತು. ಮಳೆ ಹನಿ ಸಿಡಿದು, ಚಾಟನಿ ಕತ್ತರಿಗೆ ಅಂಟಿ, ಸೋಂಕಿನ ಸಸಿಯ ಜೊತೆ ಇದು ಹರಡುತ್ತದೆ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕಕ್ಕೆ ಇದು ಸಾಯುವುದಿಲ್ಲ, ದುಡ್ಡಷ್ಟೇ ಹೋಗುತ್ತದೆ. ಅನುಮಾನವಿದ್ದರೆ ಚುಕ್ಕೆ ಬಿದ್ದ ಎಲೆ, ಕಾಯಿಯನ್ನು ಕವರಿನಲ್ಲಿ ಕಟ್ಟಿ ತುಮಕೂರು ಹತ್ತಿರದ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ರೋಗಾಣು ಯಾವುದೆಂದು ಗೊತ್ತಾದ ಮೇಲೆ ಔಷಧಿ ಅಂಗಡಿಗೆ ಹೋಗಿ.