ಅಮೆರಿಕದ ಪ್ರೌಢಶಾಲೆಗಳಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್

ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂಬುದು ಸಮೀಕರಣಗಳ ನಕ್ಷೆಯನ್ನು ಪರದೆಯ ಮೇಲೆ ಎಳೆದು ತೋರಿಸಬಲ್ಲ, ಕೈಯಲ್ಲಿ ಹಿಡಿಯುವ ಲೆಕ್ಕಯಂತ್ರವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರೌಢಶಾಲೆಗಳಲ್ಲಿ ಬೀಜಗಣಿತ ಮತ್ತು ಕಲನಶಾಸ್ತ್ರದ ಬೋಧನೆಯು 1990ರ ದಶಕದಿಂದ ಇದನ್ನು ಅವಲಂಬಿಸಿದೆ. ಸಂಪನ್ಮೂಲ ಕಡಿಮೆಯಿರುವ ಶಾಲೆಗಳಲ್ಲಿ ಇದರ ಕೊರತೆಯು ಶೈಕ್ಷಣಿಕ ಅಸಮಾನತೆಯ ಪ್ರಶ್ನೆಯಾಗಿ ಚರ್ಚೆಗೆ ಬಂದಿದೆ.

ಹಿನ್ನೆಲೆ

ಜಪಾನಿನ ಕ್ಯಾಸಿಯೊ ಕಂಪನಿಯು 1985ರಲ್ಲಿ ಹೊರತಂದ ಎಫ್‌ಎಕ್ಸ್-7000ಜಿ ಈ ಬಗೆಯ ಮೊದಲ ಯಂತ್ರ. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-81 ಬಂದಿತು. ಕ್ರಮೇಣ ಈ ಕಂಪನಿಯ ಮಾದರಿಗಳೇ ಅಮೆರಿಕದ ತರಗತಿಗಳಲ್ಲಿ ನೆಲೆಯೂರಿದವು.

ಪರೀಕ್ಷೆಯ ಅಗತ್ಯ

ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ವಿಷಯವನ್ನು ಕಲಿಯಲು ಅವಕಾಶ ನೀಡುವ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ (ಎಪಿ) ಕಲನಶಾಸ್ತ್ರ ಪರೀಕ್ಷೆಯು 1995ರಿಂದ ಈ ಯಂತ್ರವನ್ನು ಕಡ್ಡಾಯಗೊಳಿಸಿತು. ಇಲ್ಲಿ ಸಾಮಾನ್ಯ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಲುವುದಿಲ್ಲ. ಫಲನದ ನಕ್ಷೆ ಎಳೆಯುವುದು, ಅದರ ಶೂನ್ಯತೆಗಳನ್ನು ಕಂಡುಹಿಡಿಯುವುದು, ಅವಕಲನ ಹಾಗೂ ನಿಶ್ಚಿತ ಅನುಕಲನದ ಸಂಖ್ಯಾತ್ಮಕ ಬೆಲೆ ಪಡೆಯುವುದು 2024ರವರೆಗೆ ಯಂತ್ರದಿಂದಲೇ ಆಗಬೇಕಿತ್ತು. ಎಲ್ಲ ಪ್ರಶ್ನೆಗಳಿಗೂ ಇದರ ಬಳಕೆಯಿಲ್ಲ. ದೀರ್ಘ ಉತ್ತರದ 6 ಪ್ರಶ್ನೆಗಳಲ್ಲಿ 2ಕ್ಕೆ ಮಾತ್ರ ಅನುಮತಿಯಿದೆ.

ಬೆಲೆ ಮತ್ತು ಲಭ್ಯತೆ

2004ರಲ್ಲಿ ಬಂದ ಟಿಐ-84 ಪ್ಲಸ್ ಮಾದರಿಯಲ್ಲಿ 96×64 ಚುಕ್ಕೆಗಳ ಕಪ್ಪು-ಬಿಳುಪು ಪರದೆಯೂ 15 ಮೆಗಾಹರ್ಟ್ಸ್ ವೇಗದ ಸಂಸ್ಕಾರಕವೂ ಇವೆ. ಫೋನುಗಳು ಇದನ್ನು ಎಂದೋ ಹಿಂದಿಕ್ಕಿದರೂ ಇದರ ಬೆಲೆ ದೀರ್ಘಕಾಲ 100 ಡಾಲರಿನ ಆಸುಪಾಸಿನಲ್ಲೇ ಉಳಿಯಿತು. ಪರೀಕ್ಷೆಯಲ್ಲಿ ಫೋನಿಗೆ ಅವಕಾಶವಿಲ್ಲ. ಹೀಗಾಗಿ ಖರ್ಚು ಬಹುಮಟ್ಟಿಗೆ ಪೋಷಕರ ಮೇಲೆಯೇ ಬೀಳುತ್ತದೆ.

ಕೊಳ್ಳಲಾಗದ ಮಕ್ಕಳಿಗಾಗಿ ಶಾಲೆಗಳು ಒಂದು ತರಗತಿಗೆ ಸಾಲುವಷ್ಟು ಯಂತ್ರಗಳನ್ನು ಇಟ್ಟುಕೊಳ್ಳುವ ರೂಢಿಯಿದೆ. ಸಂಖ್ಯೆ ಬರೆದ ಚೀಲಗಳಲ್ಲಿ ಅವುಗಳನ್ನು ತೂಗುಹಾಕಿ, ಪಾಠ ಮುಗಿಯುವ ಮೊದಲು ಎಣಿಸಿ ಹಿಂಪಡೆಯಲಾಗುತ್ತದೆ. ಬ್ಯಾಟರಿ ಬದಲಿಸುವ ಖರ್ಚೂ ಶಾಲೆಯದೇ. ಆದರೆ ಯಂತ್ರವು ಮನೆಗೆ ಹೋಗದಿರುವುದೇ ನಿಜವಾದ ತೊಡಕು. ಯಾವ ಗುಂಡಿ ಎಲ್ಲಿದೆ, ಪರದೆಯ ವ್ಯಾಪ್ತಿಯನ್ನು ಹೇಗೆ ಹೊಂದಿಸಬೇಕು ಎಂಬುದು ಅಭ್ಯಾಸದಿಂದಲೇ ಬರುವ ಕೌಶಲ. ಸ್ವಂತ ಯಂತ್ರವಿರುವ ವಿದ್ಯಾರ್ಥಿಗೆ ಅದು ಮನೆಪಾಠ ಮಾಡುತ್ತಲೇ ಸಿದ್ಧಿಸುತ್ತದೆ. ಉಳಿದವರಿಗೆ ತರಗತಿಯ ಅವಧಿಯಷ್ಟೇ ಸಿಗುತ್ತದೆ.

ಶಾಲೆಗಳ ಅಂತರಜಾಲ ಸಂಪರ್ಕಕ್ಕೆ ರಿಯಾಯಿತಿ ನೀಡುವ ಇ-ರೇಟ್ ಯೋಜನೆಯು 1996ರ ದೂರಸಂಪರ್ಕ ಕಾಯ್ದೆಯಿಂದ ಬಂದದ್ದು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಇದರಲ್ಲಿ ಶೇ. 90ರವರೆಗೂ ರಿಯಾಯಿತಿಯುಂಟು, ಆದರೆ ಕ್ಯಾಲ್ಕುಲೇಟರ್‌ಗಳು ಅದರ ವ್ಯಾಪ್ತಿಗೆ ಸೇರುವುದಿಲ್ಲ.

ಇತ್ತೀಚಿನ ಬದಲಾವಣೆ

2011ರಲ್ಲಿ ಸ್ಥಾಪಿತವಾದ ಡೆಸ್ಮೋಸ್, ಇದೇ ಕೆಲಸವನ್ನು ಬ್ರೌಸರಿನಲ್ಲಿ ಉಚಿತವಾಗಿ ಮಾಡುವ ತಂತ್ರಾಂಶವನ್ನು ನೀಡಿತು. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯು ಅಮೆರಿಕದಲ್ಲಿ 2024ರಿಂದ ಪೂರ್ಣವಾಗಿ ಡಿಜಿಟಲ್ ಆದಾಗ ಡೆಸ್ಮೋಸ್ ಪರೀಕ್ಷಾ ತಂತ್ರಾಂಶದೊಳಗೇ ಸೇರಿತು. ಇದರಿಂದ ಎಸ್‌ಎಟಿಗೆ ಯಂತ್ರ ಕೊಳ್ಳುವ ಅಗತ್ಯ ತಪ್ಪಿತಾದರೂ ಆ ಜಾಗಕ್ಕೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಬಂದಿತು. ಸಾಧನವಿಲ್ಲದವರು ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನಿಂದ ಎರವಲು ಕೋರಬಹುದು. ಪರೀಕ್ಷೆಯ ನಡುವೆ ಅಂತರಜಾಲ ಕಡಿದರೂ ಉತ್ತರಿಸುವುದನ್ನು ಮುಂದುವರಿಸಬಹುದು. ಆದರೆ ಆರಂಭಕ್ಕೂ ಉತ್ತರಗಳ ಸಲ್ಲಿಕೆಗೂ ಸಂಪರ್ಕ ಬೇಕು.